ಬೆನ್ನ ಹಿಂದೆ ಮಲ್ಲಪ್ಪಣ್ಣನ ದನಿ

ಆ ರಾತ್ರಿ ನನ್ನ ಜೊತೆಗಿದ್ದ ಮಲ್ಲಪ್ಪಣ್ಣನ ಇಬ್ಬರು ಹೆಣ್ಣುಮಕ್ಕಳೂ ಈಗಲೂ ಚೆನ್ನಾಗಿದ್ದಾರೆ. ದೊಡ್ಡವಳು ಸುನಂದಾ ಮುಂಬಯಿ ಹತ್ತಿರದ ಡೊಂಬಿವಲಿಯಲ್ಲೇ ಶಾಲೆಯಲ್ಲಿ ಕಲಿಸುತ್ತಿದ್ದವಳು. ಚಿಕ್ಕವಳು ಕಸ್ತೂರಿ ಕಾಮೋಠೆಯಲ್ಲಿ ಸಂಸಾರ ಹೂಡಿದ್ದಾಳೆ. ನಾನು ಇಲ್ಲಿ ಒಂದು ಮಾತು ಹೆಚ್ಚಿಗೆ ಸೇರಿಸಿದರೂ "ಕಾಕಾ, ಹೀಗಾಗಿರಲಿಲ್ಲ" ಎನ್ನಲು ಇಬ್ಬರಿದ್ದಾರೆ. ಹಾಗಾಗಿ ಕಂಡದ್ದು, ಕೇಳಿದ್ದು ಇಷ್ಟನ್ನೇ ಬರೆಯುತ್ತಿದ್ದೇನೆ. ಅರ್ಥ ಮಾತ್ರ ನನ್ನನ್ನು ಕೇಳಬೇಡಿ... ನನಗೂ ಗೊತ್ತಿಲ್ಲ.

ಮೊದಲು ಮಲ್ಲಪ್ಪಣ್ಣ ಯಾರು ಎಂದು ಹೇಳಬೇಕು. ಅವನನ್ನು ತಿಳಿಯದೆ ಆ ರಾತ್ರಿ ತಿಳಿಯುವುದಿಲ್ಲ.

ನಾನು ಕುಂದಾಪುರದ ಕಡೆಯವನು. ಎಪ್ಪತ್ತರ ದಶಕದ ಕೊನೆಯಲ್ಲಿ ಡೊಂಬಿವಲಿಯ ಒಂದು ಬಣ್ಣದ ಕಾರ್ಖಾನೆಯಲ್ಲಿ ಬಾಯ್ಲರಿನ ಕೆಲಸಕ್ಕೆ ಸೇರಿದೆ. ಅಲ್ಲಿ ನನಗೆ ಕೆಲಸ ಕಲಿಸಿದವನು ಮಲ್ಲಪ್ಪಣ್ಣ. ವಿಜಾಪುರದ ಕಡೆಯ ಹಳ್ಳಿಯವನು, ನನಗಿಂತ ಹದಿಮೂರು ವರ್ಷ ದೊಡ್ಡವನು. ಮೊದಲ ದಿನ "ನೀವು, ತಾವು" ಎಂದು ಮಾತಾಡಿಸಿದೆ. ಅವನು ಸಲಿಕೆ ಕೆಳಗಿಟ್ಟು ನಕ್ಕ.

"ತಮ್ಮಾ, ಬೆಂಕಿ ಮುಂದ ನಿಂತಾವಗ ಬಹುವಚನ ಹಚ್ಚಬ್ಯಾಡ. ಮಲ್ಲಪ್ಪಣ್ಣ ಅನ್ನು, ಸಾಕು."

ಅವತ್ತಿನಿಂದ ಅವನು ನನಗೆ ಮಲ್ಲಪ್ಪಣ್ಣ, ನಾನು ಅವನಿಗೆ ವಾಸು.

ಬಾಯ್ಲರಿನ ಕೆಲಸ ಎಂದರೆ ಎಂಟು ತಾಸು ಬೆಂಕಿಯ ಬಾಯಿಗೆ ಕಲ್ಲಿದ್ದಲು ಎರಚುವುದು, ಬೂದಿ ಎಳೆಯುವುದು, ಉಗಿಯ ಒತ್ತಡದ ಮುಳ್ಳಿನ ಮೇಲೆ ಕಣ್ಣಿಡುವುದು. ಮುಖದ ಚರ್ಮ ಬಿಗಿದು ತೊಗಲಿನ ಚೀಲದಂತಾಗುತ್ತಿತ್ತು. ಬೇರೆಯವರು ಪಾಳಿ ಮುಗಿಯುವ ಹೊತ್ತಿಗೆ ಗೋಡೆಗೆ ಒರಗಿ ಕೂರುತ್ತಿದ್ದರು. ಮಲ್ಲಪ್ಪಣ್ಣ ಮಾತ್ರ ತನ್ನ ಸಲಿಕೆಯನ್ನು ಒರೆಸಿ, ಮುಂದಿನ ಪಾಳಿಯವನಿಗೆಂದು ಬಾಗಿಲ ಬಳಿ ಕಲ್ಲಿದ್ದಲು ಗುಡ್ಡೆ ಹಾಕಿಟ್ಟು, ನಲ್ಲಿಯ ಕೆಳಗೆ ಕೆಂಪು ಸೋಪಿನಲ್ಲಿ ತೋಳು ಉಜ್ಜಿ ಉಜ್ಜಿ ತೊಳೆದು ಮನೆಗೆ ಹೋಗುತ್ತಿದ್ದ. ಎಷ್ಟು ಉಜ್ಜಿದರೂ ಬಿಸಿ ಬೂದಿಯ ವಾಸನೆ ಹೋಗುತ್ತಿರಲಿಲ್ಲ. ಸೋಪು ಮತ್ತು ಬೂದಿ... ಅದು ಅವನದೇ ವಾಸನೆಯಾಗಿತ್ತು.

ಅವನು ಇದ್ದ ಚಾಳಿನಲ್ಲೇ, ಸಾಲು ಕೋಣೆಗಳ ಆ ವಠಾರದಲ್ಲೇ, ನನಗೂ ಒಂದು ಖೋಲಿ ಕೊಡಿಸಿದ. ಊಟ ಅವರ ಮನೆಯಲ್ಲಿ. ಅವನ ಹೆಂಡತಿ ಶಾಂತವ್ವ ನನಗೆ ಅತ್ತಿಗೆ. ಎರಡು ಹೆಣ್ಣುಮಕ್ಕಳು. ಬೆಳಗಿನ ನಾಲ್ಕಕ್ಕೆ ನೀರು ಬಿಡುತ್ತಿದ್ದರು. ಮಲ್ಲಪ್ಪಣ್ಣ ತನ್ನ ಮನೆಯ ಕೊಡ ತುಂಬಿಸಿ, ಕೊನೆಯ ಖೋಲಿಯ ಒಂಟಿ ಮುದುಕಿಯ ಹಂಡೆ ತುಂಬಿಸಿ, ಆಮೇಲೆ ನನ್ನ ಬಾಗಿಲು ತಟ್ಟುತ್ತಿದ್ದ. ಅತ್ತಿಗೆಗೆ ಜ್ವರ ಬಂದರೆ ಅವನೇ ರೊಟ್ಟಿ ಬಡಿಯುತ್ತಿದ್ದ. ರಾತ್ರಿ ಪಾಳಿ ಮುಗಿಸಿ ಬಂದರೆ ಚಪ್ಪಲಿ ಹೊರಗೆ ಬಿಟ್ಟು, ಮಲಗಿದ ಮಕ್ಕಳ ಕಾಲು ಹೊದಿಕೆಯಿಂದ ಹೊರಗಿದೆಯೇ ಎಂದು ಕೈಯಾಡಿಸಿ ನೋಡಿ, ಅನಂತರವೇ ಚಹಾ ಕೇಳುತ್ತಿದ್ದ.

ಇಷ್ಟು ದುಡಿಯುವವನು ರವಿವಾರ ಬಂದರೆ ನಿದ್ದೆ ಮಾಡಬೇಕಲ್ಲವೇ? ಮಾಡುತ್ತಿರಲಿಲ್ಲ.

ರವಿವಾರ ಬೆಳಗಿನ ಲೋಕಲ್ ರೈಲು ಹಿಡಿದು ಮಕ್ಕಳನ್ನು ಕಟ್ಟಿಕೊಂಡು ಗುಡ್ಡಕ್ಕೆ ಹೊರಡುತ್ತಿದ್ದ. ಬೇಸಿಗೆಯಲ್ಲಿ ಉಲ್ಹಾಸ ನದಿ. ಇಬ್ಬರು ಹುಡುಗಿಯರಿಗೂ ಈಜು ಕಲಿಸಿದ್ದು ಅವನೇ. ಮಳೆಗಾಲದಲ್ಲಿ ಬದಲಾಪುರದ ಆಚೆಯ ಬೆಟ್ಟಗಳು.

"ನಮ್ಮೂರಾಗ ಏರಿ ನೋಡಾಕ ಒಂದ ಮಣ್ಣಿನ ದಿಬ್ಬಾನೂ ಇಲ್ಲೋ ವಾಸು. ಎತ್ತ ನೋಡಿದ್ರೂ ಸಪಾಟ ಎರಿಹೊಲ. ಇಲ್ಲಿ ಬಂದು ರೈಲಿನ ಕಿಟಕ್ಯಾಗ ಮೊದಲನೇ ಸಲ ಗುಡ್ಡ ನೋಡ್ದೆ. ಅವತ್ತೇ ಅಂದಕೊಂಡೆ, ಬೆಂಕಿ ಮುಂದ ವಾರಾನಗಟ್ಲೆ ನಿಂತ್ರೂ ಚಿಂತಿಲ್ಲ, ಒಂದ ದಿನ ಆ ಗಾಳಿ ಸಿಗಬೇಕು."

ಗುಡ್ಡ ಇಳಿಯುವಾಗ ಅವನದೊಂದು ನಿಯಮವಿತ್ತು. ಯಾವಾಗಲೂ ಅವನು ಎಲ್ಲರಿಗಿಂತ ಕೊನೆಗೆ ಇಳಿಯುತ್ತಿದ್ದ. ನಾವು ಮುಂದೆ, ಅವನು ಒಂದು ಕೂಗಿನಷ್ಟು ಹಿಂದೆ. ಆಗಾಗ ಮೇಲಿನಿಂದ ಕೂಗುತ್ತಿದ್ದ.

"ಮುಟ್ಟಿದ್ರೇ...ನೂ?"

ತಲುಪಿದಿರಾ ಎಂದು. ಕೆಳಗೆ ಗದ್ದೆಯ ಬದು ತಲುಪಿದ ಮೇಲೆ ಹುಡುಗಿಯರು "ಮುಟ್ಟಿದ್ವೀ..." ಎಂದು ತಿರುಗಿ ಕೂಗಬೇಕು. ಆಮೇಲೆಯೇ ಅವನು ಉಳಿದ ದಾರಿ ಇಳಿದು ಬರುವುದು. ಮಕ್ಕಳಿಗೆ ಇನ್ನೊಂದು ಪಾಠವನ್ನೂ ಹೇಳಿಕೊಟ್ಟಿದ್ದ.

"ನನ್ನ ದನಿ ಬೆನ್ನ ಹಿಂದ ಇರಬೇಕು. ಬಲಕ್ಕೋ ಎಡಕ್ಕೋ ಕೇಳಿದ್ರ ದಾರಿ ತಪ್ಪೀವಿ ಅಂತ ತಿಳಕೊಂಡು ನಿಂದರಬೇಕು. ತಿಳೀತಿಲ್ಲೊ?"

ಆ ಬೆಟ್ಟದ ಹೆಸರು ಬರೆಯುವುದಿಲ್ಲ. ಬದಲಾಪುರ ಸ್ಟೇಷನ್ನಿನಿಂದ ಪಶ್ಚಿಮಕ್ಕೆ ಎರಡು ತಾಸಿನ ನಡಿಗೆ. ಬುಡದಲ್ಲಿ ಠಾಕರ ಎಂಬ ಆದಿವಾಸಿ ಜನರ ಏಳೆಂಟು ಗುಡಿಸಲು, ಠಾಕರವಾಡಿ. ಅಲ್ಲಿ ಗೋಮಾ ಬಾಬಾ ಎಂಬ ಮುದುಕ ನಮಗೆ ಪ್ರತಿ ಸಲ ಹಾಲಿಲ್ಲದ ಚಹಾ ಕೊಡುತ್ತಿದ್ದ. ಅವನಿಗೆ ಮಲ್ಲಪ್ಪಣ್ಣನ ಹೆಸರು ಬಾಯಿಗೆ ಬರುತ್ತಿರಲಿಲ್ಲ, ಕನ್ನಡದವನು ಎಂಬರ್ಥದಲ್ಲಿ "ಕಾನಡಿ" ಎಂದೇ ಕರೆಯುತ್ತಿದ್ದ.

ಆ ಬೆಟ್ಟದ ನೆತ್ತಿಯಲ್ಲಿ ಕಾರವಿ ಎಂಬ ಗಿಡ. ಏಳು ವರ್ಷಕ್ಕೊಮ್ಮೆ ಮಾತ್ರ ಹೂ ಬಿಡುತ್ತದೆ. ಬಿಟ್ಟಾಗ ಇಡೀ ನೆತ್ತಿ ನೇರಳೆ. ನಾನು ಬರುವ ಮೊದಲು ಒಮ್ಮೆ ಅದು ಅರಳಿದಾಗ ಮಲ್ಲಪ್ಪಣ್ಣ ಆರು ವರ್ಷದ ಸುನಂದಾಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿದ್ದನಂತೆ. ಕಸ್ತೂರಿ ಆಗ ಒಂದು ವರ್ಷದ ಕೂಸು.

"ಮುಂದಿನ ಸಲ ಅರಳಿದಾಗ ನೀವಿಬ್ರೂ ನಿಮ್ಮ ಕಾಲಿಲೆ ಏರಬೇಕು" ಎಂದು ಅವನು ಹೇಳುತ್ತಲೇ ಇದ್ದ. ಕಸ್ತೂರಿ ಬೆರಳು ಮಡಚಿ ವರ್ಷ ಎಣಿಸುತ್ತಿದ್ದಳು.

ಆ ವರ್ಷ ಬಂತು. ಎಂಬತ್ತರ ದಶಕದ ಮೊದಲ ಭಾಗ. ಹೂ ಅರಳುವ ಮೊದಲೇ, ಮಳೆಗಾಲ ಶುರುವಾಗುವ ಹೊತ್ತಿಗೆ... ಮಲ್ಲಪ್ಪಣ್ಣ ಹೋಗಿಬಿಟ್ಟ.

ಅದನ್ನೂ ಬರೆಯಲೇಬೇಕು. ನನಗೆ ವಾಶಿಯಲ್ಲಿ ಒಂದು ಹೆಣ್ಣು ನೋಡುವುದಿತ್ತು. ನನ್ನದು ರಾತ್ರಿ ಪಾಳಿ. ಮಲ್ಲಪ್ಪಣ್ಣನದು ಮಧ್ಯಾಹ್ನದ ಪಾಳಿ.

"ನೀ ಹೋಗಿ ಬಾ. ನಿನ್ನ ಪಾಳಿ ನಾ ನೋಡ್ಕೊಂತೀನಿ."

"ಹದಿನಾರು ತಾಸು ಆಗ್ತದೆ ಮಲ್ಲಪ್ಪಣ್ಣ."

"ಆದ್ರ ಏನಾತು? ಮದವಿ ಆಗಿ ನಿನ್ನ ಹೆಂಡ್ತಿ ಕೈಲೆ ನಿಮ್ಮ ಕಡಿ ಮೀನಿನ ಸಾರು ಮಾಡಿಸಿ ನೀ ಉಣ್ಣು. ನನಗಂತೂ ಬ್ಯಾಡ" ಎಂದು ನಕ್ಕ.

ಮರುದಿನ ಬೆಳಿಗ್ಗೆ ಅವನು ಮನೆಗೆ ಬಂದು ಮಕ್ಕಳ ಹೊದಿಕೆ ಸರಿಮಾಡಿ, ಚಹಾ ಕುಡಿದು, "ಸ್ವಲ್ಪ ಅಡ್ಡ ಆಗ್ತೀನಿ" ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿದನಂತೆ. ಹತ್ತು ಗಂಟೆಗೆ ಅತ್ತಿಗೆ ಎಬ್ಬಿಸಲು ಹೋದರು. ನಾನು ವಾಶಿಯಿಂದ ಹಿಂದಿರುಗಿದಾಗ ಚಾಳಿನ ಮೆಟ್ಟಿಲ ಮೇಲೆಲ್ಲ ಚಪ್ಪಲಿಗಳಿದ್ದವು. ಎದೆ ನಿಂತಿತು ಎಂದರು ಡಾಕ್ಟರು. ಅವನಿಗೆ ನಲವತ್ತೊಂದು ವರ್ಷ.

ನನಗೆ ರಜೆ ಸಿಕ್ಕಿದೆ ಎಂದಷ್ಟೇ ಅತ್ತಿಗೆಗೆ ಹೇಳಿ ಹೋಗಿದ್ದೆ. ಆ ರಾತ್ರಿ ಅವನು ದುಡಿದದ್ದು ಯಾರ ಪಾಳಿ ಎಂದು ಅವರು ಕೇಳಲಿಲ್ಲ. ನಾನು ಹೇಳಲಿಲ್ಲ.

ಮೂರು ತಿಂಗಳ ಮೇಲೆ, ಮಳೆ ಇಳಿಮುಖವಾದ ಒಂದು ಸಂಜೆ, ಕಸ್ತೂರಿ ನನ್ನ ಖೋಲಿಯ ಹೊಸ್ತಿಲಲ್ಲಿ ನಿಂತಳು. ಎಂಟು ವರ್ಷ ಆಗ. ಅಪ್ಪನೊಡನೆ ಮಾತ್ರ ಕನ್ನಡ, ಹೊರಗೆಲ್ಲ ಮರಾಠಿ, ಹಿಂದಿ. ಅಪ್ಪ ಹೋದ ಮೇಲೆ ಅವಳು ಕನ್ನಡ ಮಾತಾಡಿದ್ದು ನಾನು ಕೇಳಿರಲಿಲ್ಲ.

"ಕಾಕಾ, ಕಾರವಿ ಫುಲಲಿ ಅಸೇಲ ನಾ?"

ಅರಳಿರಬಹುದಲ್ಲವೇ ಎಂದು ಕೇಳಿದಳು. ಒಳಗಿನಿಂದ ಅತ್ತಿಗೆ ಅಂದರು, "ಕರಕೊಂಡು ಹೋಗಿ ಬರ್ರಿ ಅಣ್ಣಾರ. ಅವರು ಮಾತು ಕೊಟ್ಟಿದ್ರು."

ಆ ರವಿವಾರ ಹೊರಟೆವು. ನಾನು, ಹದಿಮೂರರ ಸುನಂದಾ, ಕಸ್ತೂರಿ. ಒಂದು ಲೋಕಲ್ ತಪ್ಪಿತು, ಮುಂದಿನದು ಅಂಬರನಾಥದಲ್ಲಿ ಒಂದು ತಾಸು ನಿಂತಿತು. ಠಾಕರವಾಡಿ ತಲುಪಿದಾಗಲೇ ಮಧ್ಯಾಹ್ನ ದಾಟಿತ್ತು. ಗೋಮಾ ಬಾಬಾ ಗುಡಿಸಲಲ್ಲಿರಲಿಲ್ಲ, ಗದ್ದೆಗೆ ಹೋಗಿದ್ದ. ಅಲ್ಲಿಂದಲೇ ಹಿಂದಿರುಗಬೇಕಿತ್ತು. ಆದರೆ ಕಸ್ತೂರಿ ಆಗಲೇ ಮುಂದೆ ಓಡಿಯಾಗಿತ್ತು.

ನೆತ್ತಿ ತಲುಪಿದೆವು.

ಕಣ್ಣು ಹಾಯುವಷ್ಟೂ ನೇರಳೆ. ಜೇನುನೊಣಗಳ ಗುಂಯ್ ಎಂಬ ಸದ್ದು. ದೂರದಲ್ಲಿ ಪನವೇಲ ಕಡೆಯ ಖಾಡಿ, ಸಮುದ್ರದ ಹಿನ್ನೀರು, ತಗಡಿನಂತೆ ಹೊಳೆಯುತ್ತಿತ್ತು. ಕಸ್ತೂರಿ ಹೂವಿನ ನಡುವೆ ಕಳೆದುಹೋದಳು, ತಲೆಯಷ್ಟೇ ಕಾಣುತ್ತಿತ್ತು. ಸುನಂದಾ ಮಾತ್ರ ಒಂದು ಬಂಡೆಯ ಮೇಲೆ ಕೂತು ಸುಮ್ಮನೆ ನೋಡುತ್ತಿದ್ದಳು.

"ಇಲ್ಲೇ ಕೂಡಿಸಿದ್ದ ನನ್ನ" ಎಂದಳು. "ಅಪ್ಪನ ತೆಲಿ ಮ್ಯಾಲೆಲ್ಲಾ ಹೂವು ಉದುರಿಸಿದ್ದೆ."

ನಾವು ಅಲ್ಲಿ ಎಷ್ಟು ಹೊತ್ತು ಇದ್ದೆವೋ ತಿಳಿಯದು. ಜೇನುನೊಣಗಳ ಸದ್ದು ನಿಂತಾಗಲೇ ನನಗೆ ಎಚ್ಚರವಾದದ್ದು. ಕೆಳಗಿನ ಕಣಿವೆಯಿಂದ ಮಂಜು ಮೇಲೇರುತ್ತಿತ್ತು... ನೋಡನೋಡುತ್ತ ಖಾಡಿ ಹೋಯಿತು, ಎದುರಿನ ಬೆಟ್ಟ ಹೋಯಿತು, ಹತ್ತು ಹೆಜ್ಜೆ ಆಚೆಯ ಗಿಡವೂ ಹೋಯಿತು.

ಇಳಿಯಲು ಶುರುಮಾಡಿದೆವು. ಅರ್ಧ ತಾಸಿನಲ್ಲಿ ಪೂರ್ತಿ ಕತ್ತಲೆ. ಟಾರ್ಚು ಹೊತ್ತಿಸಿದೆ. ಒದ್ದೆಯಾಗಿದ್ದ ಸೆಲ್ಲು, ಒಂದು ಹಳದಿ ಚುಕ್ಕೆಯಷ್ಟು ಬೆಳಕು ಬಂತು, ಆರಿತು. ಆಮೇಲೆ ಹೊತ್ತಲೇ ಇಲ್ಲ.

ಒಂದು ಕೈಯಲ್ಲಿ ಕಸ್ತೂರಿ, ಇನ್ನೊಂದು ಕೈಯಲ್ಲಿ ಸುನಂದಾ. ಕಾಲಿನಿಂದ ದಾರಿ ತಡವುತ್ತ ಇಳಿದೆವು. ಒದ್ದೆ ಹುಲ್ಲಿನ ವಾಸನೆ, ಕೊಳೆತ ಎಲೆಯ ವಾಸನೆ. ಎಲ್ಲೋ ನೀರು ಬೀಳುವ ಸದ್ದು. ಒಂದು ಕಡೆ ದಾರಿ ಎರಡಾದಂತೆ ಕಾಲಿಗೆ ತಿಳಿಯಿತು. ನಾನು ಎಡಕ್ಕೆ ಹಿಡಿದೆ. ಅದೇ ಸರಿ ಎಂದು ನನಗೆ ಖಾತ್ರಿಯಿತ್ತು.

ಇಪ್ಪತ್ತು ಹೆಜ್ಜೆ ಹೋಗಿರಬೇಕು.

"ಮುಟ್ಟಿದ್ರೇ...ನೂ?"

ನನ್ನ ಕಾಲು ಅಲ್ಲೇ ಹೂತುಹೋಯಿತು.

ಕೂಗು ಮೇಲಿನಿಂದ ಬಂದಿತ್ತು. ದೂರದಿಂದ. ಕೊನೆಯಲ್ಲಿ ಸ್ವಲ್ಪ ಏರಿ, ಹಾಗೆಯೇ ಎಳೆದು ಬಿಡುವ ಕೂಗು. ಈ ಭಾಷೆಯಲ್ಲಿ, ಈ ಬೆಟ್ಟದಲ್ಲಿ ಹಾಗೆ ಕೂಗುವವನು ಒಬ್ಬನೇ ಇದ್ದ. ಅವನನ್ನು ನಾನೇ ಹೆಗಲು ಕೊಟ್ಟು ಮಣ್ಣಿಗೆ ಇಳಿಸಿ ಬಂದಿದ್ದೆ.

ನನ್ನ ಎಡಗೈಯಲ್ಲಿದ್ದ ಕಸ್ತೂರಿಯ ಕೈ ಬಿಸಿಯಾಯಿತು. ಸುನಂದಾ ಮೆಲ್ಲಗೆ, ಎಷ್ಟು ಮೆಲ್ಲಗೆಂದರೆ ತುಟಿಯಷ್ಟೇ ಅಲುಗಿದಂತೆ, ಹೇಳಿದಳು:

"ಕಾಕಾ... ದನಿ ಬಲಕ್ಕ ಬಂತು."

"ಯಾರೋ ದನ ಕಾಯುವವರು" ಎಂದೆ.

"ಬಲಕ್ಕ ಬಂತು. ಬೆನ್ನ ಹಿಂದ ಇಲ್ಲ. ನಾವು ತಪ್ಪೀವಿ."

ನಾನು ಒಂದು ಕಲ್ಲು ಹುಡುಕಿ ಮುಂದಕ್ಕೆ ಎಸೆದೆ. ಬಿದ್ದ ಸದ್ದು ಬರಲಿಲ್ಲ. ಕಾದೆವು... ಬಹಳ ಕೆಳಗೆ, ನೀರಿನಲ್ಲಿ ಬಿದ್ದಂತೆ ಒಂದು ಚಿಕ್ಕ ಸದ್ದು. ಮೂರೋ ನಾಲ್ಕೋ ಹೆಜ್ಜೆ ಮುಂದೆ ನೆಲವೇ ಇರಲಿಲ್ಲ.

ಹಿಂದಿರುಗಿ ಕವಲಿಗೆ ಬಂದೆವು. ಬಲದ ದಾರಿ ಹಿಡಿದೆವು. ಮತ್ತೆ ಕೂಗು. ಈ ಸಲ ನೇರ ಬೆನ್ನ ಹಿಂದೆ.

ಆಮೇಲೆ ನಡೆದದ್ದು ಹೀಗೆ. ನಾವು ಇಳಿಯುವುದು, ಕೂಗಿಗಾಗಿ ಕಾಯುವುದು. ಒಂದು ಕಡೆ ಎಡಕ್ಕೆ ಕೇಳಿತು, ನಿಂತು ತಿರುಗಿಕೊಂಡೆವು. ಸುನಂದಾಳೇ ಮುಂದೆ, ನಾನಲ್ಲ. ನನಗೆ ನಾಚಿಕೆಯಾಗಬೇಕಿತ್ತು, ಆದರೆ ಹೆದರಿಕೆಯಲ್ಲಿ ನಾಚಿಕೆಗೆ ಜಾಗವಿರಲಿಲ್ಲ. ನಮ್ಮ ಕಡೆ ಕತ್ತಲೆಯಲ್ಲಿ ಕರೆದರೆ ಓಗೊಡಬಾರದು ಎಂದು ಅಜ್ಜಿ ಹೇಳುತ್ತಿದ್ದರು. ಓಗೊಟ್ಟರೆ ಕರೆದದ್ದು ಹತ್ತಿರ ಬರುತ್ತದೆಯಂತೆ. ಅದೊಂದೇ ನನ್ನ ತಲೆಯಲ್ಲಿತ್ತು.

"ಯಾರೂ ಉತ್ತರ ಕೊಡಬೇಡಿ" ಎಂದೆ. "ಎಂತ ಕೇಳಿದ್ರೂ ಸುಮ್ಮನೆ ಬನ್ನಿ."

ಮಂಜಿನ ಮಧ್ಯೆ ಆಗಾಗ ಒಂದು ವಾಸನೆ ಬರುತ್ತಿತ್ತು. ಬಿಸಿ ಬೂದಿ... ಸೋಪು. ಆ ಒದ್ದೆ ಕಾಡಿನಲ್ಲಿ ಎಲ್ಲಿಯ ಬೂದಿ? ನಾನು ಹುಡುಗಿಯರಿಗೆ ಹೇಳಲಿಲ್ಲ. ಆದರೆ ವಾಸನೆ ಬಂದಾಗಲೆಲ್ಲ ಕಸ್ತೂರಿ ಮೂಗು ಎಳೆದುಕೊಳ್ಳುವುದು ನನಗೆ ಕೇಳಿಸುತ್ತಿತ್ತು.

ಕೊನೆಗೆ ಕಾಲಿಗೆ ಸಪಾಟಾದ ಮಣ್ಣು ಸಿಕ್ಕಿತು. ಗದ್ದೆಯ ಬದು. ದೂರದಲ್ಲಿ ಗುಡಿಸಲ ಚಿಮಣಿ ದೀಪದ ಬೆಳಕು. ಕಪ್ಪೆಗಳ ಸದ್ದು. ಬದುಕಿದೆವು ಎಂದು ನಾನು ಬದುವಿನ ಮೇಲೆಯೇ ಕುಸಿದೆ.

ಮೇಲಿನಿಂದ ಬಂತು.

"ಮುಟ್ಟಿದ್ರೇ...ನೂ?"

ನಾನು ಕಸ್ತೂರಿಯನ್ನು ಎಳೆದು ಅವಳ ಬಾಯಿ ಮುಚ್ಚಿದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೂಗು. ಮತ್ತೆ. ಈಗ ನಡುವಿನ ಬಿಡುವು ಕಮ್ಮಿಯಾಗುತ್ತ ಬಂತು. ಕೂಗಿನಲ್ಲಿ ಗಾಬರಿ ಸೇರುತ್ತಿತ್ತು. ಮಕ್ಕಳು ಉತ್ತರಿಸದಿದ್ದರೆ ಯಾವ ತಂದೆಯ ದನಿಯಲ್ಲಿ ಸೇರುತ್ತದೆಯೋ ಅದು.

"ಮುಟ್ಟಿದ್ರೇನು? ಸುನಂದಾ... ಕಸ್ತೂರಿ... ಮುಟ್ಟಿದ್ರೇ...ನೂ?"

ಹೆಸರು ಹಿಡಿದು ಕರೆದದ್ದನ್ನು ಮೂವರೂ ಕೇಳಿದೆವು. ಇದನ್ನು ಯಾರು ಬೇಕಾದರೂ ಅವರಿಬ್ಬರನ್ನು ಕೇಳಬಹುದು.

ನಾನು ಸುನಂದಾಳ ಕಡೆ ತಿರುಗಿದೆ. ಗುಡಿಸಲ ಕಡೆಯ ಮಸುಕು ಬೆಳಕಿನಲ್ಲಿ ಅವಳೂ ಬೇಡ ಎಂಬಂತೆ ತಲೆಯಾಡಿಸುತ್ತಿದ್ದಳು. ಅವಳಿಗೂ ನನ್ನ ಹಾಗೆ ಭಯ ಎಂದುಕೊಂಡೆ. ತಪ್ಪು ತಿಳಿದಿದ್ದೆ.

ಕಸ್ತೂರಿ ನನ್ನ ಬೆರಳು ಕಚ್ಚಿದಳು. ನಾನು ಕೈ ತೆಗೆದದ್ದೇ ತಡ, ಬೆಟ್ಟದ ಕಡೆ ಮುಖವೆತ್ತಿ, ಮೂರು ತಿಂಗಳಿನಿಂದ ಬಾಯಲ್ಲಿ ಬಾರದಿದ್ದ ಕನ್ನಡದಲ್ಲಿ ಕೂಗಿದಳು.

"ಮುಟ್ಟಿದ್ವೀ... ಅಪ್ಪಾ... ಮುಟ್ಟಿದ್ವೀ..."

ಅಷ್ಟೇ. ಕೂಗು ನಿಂತಿತು.

ಕಾದೆವು. ಕಪ್ಪೆಗಳು ಕೂಡ ಸುಮ್ಮನಾಗಿದ್ದವು. ಮೇಲಿನಿಂದ ಏನೂ ಬರಲಿಲ್ಲ. ಯಾರೂ ಇಳಿದು ಬರಲಿಲ್ಲ.

ಸುನಂದಾ ತಂಗಿಯ ಕೆನ್ನೆಗೆ ಹೊಡೆದಳು. ಹೊಡೆದು, ಆ ಕೆಸರಿನಲ್ಲೇ ಕೂತು ಅವಳನ್ನು ತಬ್ಬಿಕೊಂಡಳು.

"ಯಾಕ ಹೇಳಿದಿ?" ಎಂದು ಅಳುತ್ತ ಕೇಳಿದಳು. "ಹೇಳದಿದ್ರ ಅಂವ ಇನ್ನೂ ಕರೀತಿದ್ದ. ಯಾಕ ಹೇಳಿದಿ ನೀ?"

ತಂದೆ ಸತ್ತ ದಿನ ಅವಳು ಅತ್ತಿರಲಿಲ್ಲ. ಅತ್ತಿಗೆಯನ್ನು ಹಿಡಿದುಕೊಂಡು ನಿಂತಿದ್ದಳು. ಮೂರು ತಿಂಗಳ ಅಳು ಆ ಬದುವಿನ ಮೇಲೆ ಹೊರಬಂತು. ಕಸ್ತೂರಿಗೆ ತಾನೇನು ತಪ್ಪು ಮಾಡಿದೆ ಎಂದೇ ತಿಳಿಯದು. "ಬಾಬಾ ಘಾಬರಲೇ ಹೋತೇ" ಎಂದಷ್ಟೇ ಮತ್ತೆ ಮತ್ತೆ ಹೇಳುತ್ತಿದ್ದಳು. ಅಪ್ಪನಿಗೆ ಗಾಬರಿಯಾಗಿತ್ತು, ಅದಕ್ಕೇ ಹೇಳಿದೆ ಎಂದು.

ಗುಡಿಸಲ ಬಾಗಿಲಲ್ಲಿ ಗೋಮಾ ಬಾಬಾ ಚಿಮಣಿ ಹಿಡಿದು ನಿಂತಿದ್ದ. ಮಲ್ಲಪ್ಪಣ್ಣ ತೀರಿಹೋದ ಸುದ್ದಿ ಅವನಿಗೆ ಮುಟ್ಟಿರಲಿಲ್ಲ. ಹೇಳುವವರಾದರೂ ಯಾರಿದ್ದರು?

ನಮ್ಮನ್ನು ಒಲೆಯ ಹತ್ತಿರ ಕೂರಿಸಿದ. ಚಹಾ ಕುದಿಸಿದ. ಅಲ್ಯುಮಿನಿಯಂ ಲೋಟಗಳನ್ನು ಸಾಲಾಗಿ ಇಟ್ಟ. ನಾನು ನೋಡುತ್ತಲೇ ಇದ್ದೆ. ನಾಲ್ಕು ಲೋಟ.

"ಬಾಬಾ, ಆಮ್ಹೀ ತೀಘ" ಎಂದೆ. ನಾವು ಮೂವರೇ.

ಮುದುಕ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. "ಆಣಿ ಕಾನಡಿ? ತ್ಯಾಚಾ ಆವಾಜ ಐಕಲಾ ನಾ ಮೀ. ಕುಠ ರಾಯಲಾ ತೋ?"

ಕಾನಡಿ ಎಲ್ಲಿ, ಅವನ ದನಿ ನಾನು ಕೇಳಿದೆನಲ್ಲ ಎಂದ.

ಒಲೆಯ ಬೆಂಕಿಯನ್ನೇ ನೋಡುತ್ತಿದ್ದ ಸುನಂದಾ, ತಲೆಯೆತ್ತದೆ, ಶಾಂತವಾಗಿ ಮರಾಠಿಯಲ್ಲಿ ಹೇಳಿದಳು.

"ತೇ ಮಾಗೂನ ಯೇತಾಯತ."

ಅವರು ಹಿಂದಿನಿಂದ ಬರುತ್ತಿದ್ದಾರೆ ಎಂದು.

ಮುದುಕ ತಲೆಯಾಡಿಸಿ ನಾಲ್ಕನೆಯ ಲೋಟಕ್ಕೂ ಚಹಾ ಹೊಯ್ದು, ಬಾಗಿಲ ಬಳಿ ಇಟ್ಟ. ಬಾಗಿಲಿಗೆ ಅಡ್ಡ ಹಾಕಲಿಲ್ಲ.

ಆ ರಾತ್ರಿ ಅಲ್ಲೇ ಉಳಿದೆವು. ಕಸ್ತೂರಿ ಅಕ್ಕನ ತೊಡೆಯ ಮೇಲೆ ಮಲಗಿದಳು. ಸುನಂದಾ ಬಾಗಿಲಿನ ಕತ್ತಲೆಯಿಂದ ಕಣ್ಣು ತೆಗೆಯಲಿಲ್ಲ. ನಾನೂ ಮಲಗಲಿಲ್ಲ. ಗಾಳಿಗೆ ಬಾಗಿಲ ಬಿದಿರುತಟ್ಟಿ ಅಲುಗಿದಾಗಲೆಲ್ಲ ಅವಳ ಬೆನ್ನು ನೆಟ್ಟಗಾಗುತ್ತಿತ್ತು. ಅವಳು ಹೆದರಿರಲಿಲ್ಲ, ಕಾಯುತ್ತಿದ್ದಳು. ಹೆದರಿದ್ದವನು ನಾನು. ಎಲ್ಲಿ ಆ ಬಾಗಿಲಲ್ಲಿ ಅವನು ನಿಜವಾಗಿಯೂ ಬಂದು ನಿಲ್ಲುತ್ತಾನೋ, ನಿಂತು ನನ್ನ ಮುಖ ನೋಡುತ್ತಾನೋ ಎಂದು.

ಬೆಳಗಾಯಿತು. ಲೋಟದ ಚಹಾ ತಣ್ಣಗಾಗಿ ಅದರಲ್ಲೊಂದು ಹುಳ ಬಿದ್ದಿತ್ತು. ಹುಡುಗಿಯರು ಮುಖ ತೊಳೆಯಲು ಹೋದಾಗ ನಾನು ಗೋಮಾ ಬಾಬಾನಿಗೆ ನಿಜ ಹೇಳಿದೆ. ಅವನು ಬಹಳ ಹೊತ್ತು ನನ್ನನ್ನೇ ನೋಡಿದ. ಆಮೇಲೆ ಆ ಲೋಟ ಎತ್ತಿಕೊಂಡು, ಬೆಟ್ಟದ ದಾರಿ ಶುರುವಾಗುವಲ್ಲಿಗೆ ನಡೆದುಹೋಗಿ, ಚಹಾವನ್ನು ನಿಧಾನವಾಗಿ ನೆಲಕ್ಕೆ ಹೊಯ್ದು ಬಂದ.

ಡೊಂಬಿವಲಿ ತಲುಪಿದಾಗ ಅತ್ತಿಗೆ ಚಾಳಿನ ಮೆಟ್ಟಿಲಲ್ಲೇ ಕೂತಿದ್ದರು. ರಾತ್ರಿಯೆಲ್ಲ ಅಲ್ಲೇ ಕೂತಿದ್ದರೆಂದು ನೆರೆಯವರು ಹೇಳಿದರು. ನನ್ನನ್ನು ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಮಕ್ಕಳ ಕೈಕಾಲು ಮುಟ್ಟಿ ನೋಡಿ ಒಳಗೆ ಕರೆದೊಯ್ದರು.

ಕಸ್ತೂರಿ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿಬಿಟ್ಟಳು. ಹೂವು, ಮಂಜು, ಕೂಗು, ತಾನು ಉತ್ತರ ಕೊಟ್ಟದ್ದು. ಅತ್ತಿಗೆ ಅವಳ ಜಡೆ ಬಿಚ್ಚಿ ಎಲೆಗಳನ್ನು ಆಯುತ್ತ ಕೇಳುತ್ತಿದ್ದರು. ನಂಬಿದರೋ ಇಲ್ಲವೋ ಮುಖದಲ್ಲಿ ತಿಳಿಯಲಿಲ್ಲ.

ಮಕ್ಕಳು ಮಲಗಿದ ಮೇಲೆ ನನ್ನ ಎದುರು ಬಂದು ಕೂತರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ಕೇಳಿದ್ದು ಒಂದೇ ಮಾತು.

"ಅಣ್ಣಾರ... ದನಿ ಹೆಂಗಿತ್ರಿ? ದಣದಿದ್ದಂಗ ಇತ್ತೇನು?"

"ಇಲ್ಲ ಅತ್ತಿಗೆ" ಎಂದೆ. "ಎಂತ ದಣಿವೂ ಇರ್ಲಿಲ್ಲ. ಯಾವಾಗಿನ ಹಾಗೇ ಇತ್ತು."

"ಹಂಗಾದ್ರ ಆತು" ಎಂದರು. ಎದ್ದು ಒಲೆ ಹಚ್ಚಲು ಹೋದರು. ಮೂರು ತಿಂಗಳಲ್ಲಿ ಮೊದಲ ಸಲ ಅವರ ಹೆಗಲು ಸಡಿಲವಾದದ್ದನ್ನು ನಾನು ಕಂಡೆ.

ಯಾರೋ ದನಗಾಹಿ ಕೂಗಿರಬಹುದು, ದುಃಖದಲ್ಲಿದ್ದ ನಮಗೆ ಹಾಗೆ ಕೇಳಿಸಿರಬಹುದು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಗದ್ದೆಯ ಬದುವಿನಲ್ಲಿ, ನಾನು ಕಸ್ತೂರಿಯ ಬಾಯಿ ಮುಚ್ಚಿಕೊಂಡು ಕೂತಿದ್ದಾಗ, ಎರಡು ಕೂಗುಗಳ ನಡುವೆ ಇನ್ನೊಂದು ಸದ್ದಿತ್ತು. ಹುಡುಗಿಯರಿಗೆ ಅದು ಕೇಳಿಸಿಲ್ಲ. ಏದುಸಿರು... ಎರಡು ಪಾಳಿ ಮುಗಿಸಿ, ಗೋಡೆ ಹಿಡಿದು ಮೆಟ್ಟಿಲು ಹತ್ತುವವನ ಉಸಿರು. ಕೂಗು ಬೆಟ್ಟದ ಮೇಲಿನಿಂದ ಬರುತ್ತಿತ್ತು. ಉಸಿರು ಮಾತ್ರ ನನ್ನ ಕಿವಿಯ ಪಕ್ಕದಲ್ಲೇ ಇತ್ತು, ಬಿಸಿಯಾಗಿ.

ಅತ್ತಿಗೆ ತೀರಿಕೊಂಡು ನಾಲ್ಕು ವರ್ಷವಾಯಿತು. ಮಲ್ಲಪ್ಪಣ್ಣ ಕೊನೆಗೆ ದುಡಿದ ಆ ರಾತ್ರಿ ಪಾಳಿ ನನ್ನದಾಗಿತ್ತು ಎಂದು ನಾನು ಅವರಿಗೆ ಕೊನೆಯವರೆಗೂ ಹೇಳಲಿಲ್ಲ.